ಧೂಳಮ್ಮ ಎರಡು ದಿನ ನುಂಗಿಕೊಂಡ ಮಾತು

ಔಷಧಿ ಅಂಗಡಿಯಲ್ಲಿ ನಿಂತು ಪಟ್ಟಿಯಿಂದ ನಾಲ್ಕು ಗುಳಿಗೆ ಕತ್ತರಿಸಿ ಕೊಡುವವನು ಡಾಕ್ಟರ್ ಅಲ್ಲ. ಇದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಬಸವಕಲ್ಯಾಣದ ಸಂತೆಯಲ್ಲಿ ಯಾರನ್ನು ಕೇಳಿದರೂ ಗೊತ್ತು ಅನ್ನುತ್ತಾರೆ. ಗೊತ್ತು ಅಂದವರೇ ಸಂತೆ ಮುಗಿಸಿ ಹೋಗುವಾಗ ಅದೇ ಅಂಗಡಿಯ ಮುಂದೆ ಚೀಲ ಇಳಿಸಿ, "ಜ್ವರಕ್ಕ ಒಂದು ಭಾರೀದು ಕೊಡ್ರಿ" ಅನ್ನುತ್ತಾರೆ.

ಮಂಠಾಳದ ಧೂಳಮ್ಮನಿಗೂ ಗೊತ್ತಿತ್ತು. ಅವಳಿಗೆ ಐವತ್ತೈದರ ಆಸುಪಾಸು. ಗಂಡ ದೇವಿಂದ್ರಪ್ಪನಿಗೆ ಅರವತ್ತು ದಾಟಿತ್ತು. ಎಪ್ಪತ್ತು ಕುರಿ, ಹನ್ನೆರಡು ಮೇಕೆ, ಒಬ್ಬ ಮಗ ಕಲ್ಲಿನಾಥ. ಹಿಂಡಿನ ಹಿಂದೆ ತಿರುಗಿದವರು ಅರ್ಧ ವೈದ್ಯರಾಗಿಯೇ ಇರುತ್ತಾರೆ. ಕುರಿಗೆ ಕೆಮ್ಮು ಬಂದರೆ ಪಶುವೈದ್ಯನಿಗಾಗಿ ಕಾಯುತ್ತ ಕೂತರೆ ಸಂಜೆಯೊಳಗೆ ಹತ್ತು ಕುರಿ ಕೆಮ್ಮುತ್ತವೆ. ಹಾಗಾಗಿ ಮನೆಯಲ್ಲೇ ಸಿರಿಂಜು, ಮನೆಯಲ್ಲೇ ಪುಡಿಯ ಬಾಟಲಿ. ದೇವಿಂದ್ರಪ್ಪ ಕುರಿಯನ್ನು ಮೊಣಕಾಲ ನಡುವೆ ಒತ್ತಿ ಹಿಡಿಯುತ್ತಿದ್ದ, ಧೂಳಮ್ಮ ಚುಚ್ಚುತ್ತಿದ್ದಳು. ಅವಳ ಕೈ ಹಗುರ ಎಂದು ಸುತ್ತಲಿನ ನಾಲ್ಕು ಹಟ್ಟಿಯವರೂ ಅವಳನ್ನೇ ಕರೆಯುತ್ತಿದ್ದರು.

ಈ ಮನೆಯ ವೈದ್ಯಕ್ಕೆ ಒಂದೇ ಲೆಕ್ಕ. ಕುರಿ ಮೇವಿಗೆ ಬಾಯಿ ಹಾಕಿತೋ, ಸೂಜಿ ನಿಂತಿತು. ಬಾಟಲಿಯಲ್ಲಿ ಉಳಿದದ್ದು ಮುಂದಿನ ಕುರಿಗೆ. ಕುರಿಯ ಮಟ್ಟಿಗೆ ಇದು ಸರಿಯೋ ತಪ್ಪೋ ಪಶುವೈದ್ಯರು ಹೇಳಲಿ. ದೇವಿಂದ್ರಪ್ಪ ತನಗೂ ಅದೇ ಲೆಕ್ಕ ಹಾಕಿಕೊಂಡಿದ್ದ. ಹೋದ ವರ್ಷ ಹಲ್ಲಿನ ಬುಡ ಬಾತಾಗ ಎರಡು ದಿನ ಗುಳಿಗೆ ನುಂಗಿದ, ಮೂರನೇ ದಿನ ರೊಟ್ಟಿ ಜಗಿಯಲು ಬಂತು, ಬಿಟ್ಟ. ಬೆನ್ನಿಗೆ ಕುರು ಎದ್ದಾಗ ಉಳಿದ ಗುಳಿಗೆಗಳಲ್ಲಿ ಮೂರು ನುಂಗಿದ, ಹಸಿವಾಯಿತು, ಬಿಟ್ಟ. ಮಳೆಗಾಲದ ಕೆಮ್ಮಿಗೆ ಮತ್ತೆ ಎರಡು. ಮಿಕ್ಕಿದ್ದನ್ನು ಕಂಬಳಿಯ ಮಡಿಕೆಯಲ್ಲಿ ಇಟ್ಟುಕೊಳ್ಳುತ್ತಿದ್ದ. ಹಟ್ಟಿಯಲ್ಲಿ ಯಾರಿಗೆ ಮೈ ಬಿಸಿಯಾದರೂ ಆ ಕಂಬಳಿಯಿಂದಲೇ ಎರಡು ಗುಳಿಗೆ ಹೊರಗೆ ಬರುತ್ತಿದ್ದವು.

ಈ ಬಾರಿ ಅಂಗಾಲಿಗೆ ಜಾಲಿ ಮುಳ್ಳು ನಟ್ಟಿತ್ತು. ಮುಳ್ಳು ಕಿತ್ತರೂ ತುದಿ ಒಳಗೇ ಉಳಿಯಿತು. ಅವನ ಮೈಯಲ್ಲಿ ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಮನೆ ಮಾಡಿತ್ತೋ, ಒಮ್ಮೆಯೂ ರಕ್ತ ಪರೀಕ್ಷೆ ಮಾಡಿಸದವನಿಗೆ ಹೇಗೆ ಗೊತ್ತಾಗಬೇಕು. ಪಾದ ಬಾತಿತು, ಕೀವು ತುಂಬಿತು, ಜ್ವರ ಏರಿತು. ಗುಳಿಗೆಗೆ ಇಳಿಯಲಿಲ್ಲ. ಆಗ ಧೂಳಮ್ಮ ಕುರಿಯ ಬಾಟಲಿ ತೆಗೆದಳು. ಮೂರು ಸಂಜೆ, ಮೂರು ಸೂಜಿ, ಗಂಡನ ಸೊಂಟಕ್ಕೆ ತನ್ನ ಕೈಯಿಂದಲೇ ಚುಚ್ಚಿದಳು. ಎರಡನೆಯದರ ನಂತರ ಅವನು ಅರ್ಧ ರೊಟ್ಟಿ ತಿಂದ. ಮೂರನೆಯದರ ಮರುದಿನ ಬೆಳಿಗ್ಗೆ ಮಾತು ತಪ್ಪಿ ಕುರಿಗಳ ಹೆಸರು ಹಿಡಿದು ಯಾರನ್ನೋ ಬೈಯತೊಡಗಿದ. ಆ ದಿನ ಕಲ್ಲಿನಾಥ ಅವನನ್ನು ಜೀಪಿಗೆ ಹಾಕಿಕೊಂಡು ಹುಮನಾಬಾದಿನ ಒಂದು ಖಾಸಗಿ ದವಾಖಾನೆಗೆ ತಂದ.

ಅಲ್ಲಿ ತೀವ್ರ ನಿಗಾ ಘಟಕದಲ್ಲಿ ಆರು ಹಾಸಿಗೆ. ಐದನೆಯದು ದೇವಿಂದ್ರಪ್ಪನಿಗೆ ಬಂತು. ಆರನೆಯದರಲ್ಲಿ ಮನ್ನಾಏಖೇಳ್ಳಿಯ ಗುಂಡಪ್ಪ ನಾಲ್ಕು ದಿನದಿಂದ ಮಲಗಿದ್ದ, ಅವನೂ ಅರವತ್ತರವನೇ. ಮೂತ್ರದ ಸೋಂಕು ರಕ್ತಕ್ಕೆ ಏರಿತ್ತು. ಅವನ ಹೆಂಡತಿ ಅಂಬುಬಾಯಿ ಹೊರಗಿನ ಪಡಸಾಲೆಯಲ್ಲಿ ಚಾಪೆ ಹಾಸಿ ಕೂತಿದ್ದಳು. ಧೂಳಮ್ಮನನ್ನು ನೋಡಿ ಚಾಪೆಯ ಒಂದು ಬದಿ ಕೈಯಿಂದ ಒರೆಸಿ, "ಬರ್ರಿ ಅಕ್ಕಾ, ಕೂಡ್ರಿ, ನೆಲಾ ಥಂಡಿ ಅದ" ಅಂದಳು.

ಧೂಳಮ್ಮ ಕೂತಳು. ಕೂತ ಮೊದಲ ದಿನದಿಂದಲೇ ಅವಳಿಗೆ ಅಂಬುಬಾಯಿ ಸೇರಲಿಲ್ಲ.

ಕಾರಣ ಇತ್ತು. ಮೊದಲ ದಿನವೇ ಡಾಕ್ಟರ್ ಮಹೇಶಕುಮಾರ ಹೊರಗೆ ಬಂದು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಿಂತು, ಪಡಸಾಲೆಯ ಅಷ್ಟೂ ಜನರ ಮುಂದೆ ಕೇಳಿದ್ದ: "ಇಲ್ಲಿಗೆ ಬರೋ ಮುಂಚೆ ಪೇಷಂಟಿಗೆ ಏನೇನು ಔಷಧ ಆಗಿದೆ? ಗುಳಿಗೆ, ಇಂಜೆಕ್ಷನ್, ಏನಾದ್ರೂ?"

ಧೂಳಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಡಾಕ್ಟರ್ ಅಂಬುಬಾಯಿಯ ಕಡೆ ಕೈ ತೋರಿಸಿ, "ಈ ಅಮ್ಮಾರು ನೋಡಿ, ಒಂದು ವರ್ಷದ ಗುಳಿಗೆ ಪಟ್ಟಿ ಎಲ್ಲಾ ಒಂದು ಚೀಲದಾಗ ಹಾಕ್ಕೊಂಡು ಬಂದಿದ್ರು. ಜ್ವರ ಬಂದ ಎರಡನೇ ದಿನಕ್ಕೇ ಬಂದ್ರು. ಹೀಗಿರಬೇಕು" ಅಂದ.

ಹೊಗಳಿಸಿಕೊಂಡವಳು ಸೆರಗು ಸರಿಮಾಡಿಕೊಂಡಳು. ಆ ಸೆರಗು ಸರಿಮಾಡಿಕೊಂಡದ್ದು ಧೂಳಮ್ಮನ ಕಣ್ಣಿಗೆ ಖಾರ ಎರಚಿದಂತಾಯಿತು. ಇವಳ ಮುಂದೆ, ಈ ಚೀಲದವಳ ಮುಂದೆ, ಗಂಡನಿಗೆ ಕುರಿ ಸೂಜಿ ಚುಚ್ಚಿದೆ ಅನ್ನಬೇಕೆ?

"ಏನೂ ಇಲ್ರೀ. ಏನೂ ತಗೊಂಡಿಲ್ಲ ನಮ್ಮವರು" ಅಂದಳು.

ಕಲ್ಲಿನಾಥ ಅವ್ವನ ಮುಖ ನೋಡಿದ. ಅವ್ವ ಅವನ ಕಡೆ ನೋಡಲಿಲ್ಲ. ಡಾಕ್ಟರ್ ಬರೆದುಕೊಂಡು ಒಳಗೆ ಹೋದ. ಅವನು ಎರಡನೇ ಸಲ ಕೇಳಲಿಲ್ಲ, ಬದಿಗೆ ಕರೆದೂ ಕೇಳಲಿಲ್ಲ. ನಾಚಿಕೆಯ ಪ್ರಶ್ನೆಯನ್ನು ಹತ್ತು ಜನರ ನಡುವೆ ಕೇಳಿ, ಬಂದ ಉತ್ತರವನ್ನು ಸತ್ಯವೆಂದು ಬರೆದುಕೊಳ್ಳುವ ಓದು ಯಾವ ಓದೋ.

ದೇವಿಂದ್ರಪ್ಪನ ರಕ್ತವನ್ನೂ ಕೀವನ್ನೂ ಸೀಸೆಗೆ ತುಂಬಿ ಪರೀಕ್ಷೆಗೆ ಕಳಿಸಿದರು. ಯಾವ ಔಷಧಕ್ಕೆ ಆ ಕ್ರಿಮಿ ಸಾಯುತ್ತದೆ ಎಂದು ತಿಳಿಯಲು ಮೂರು ದಿನ ಬೇಕಂತೆ. ಅಲ್ಲಿಯವರೆಗೆ ಡಾಕ್ಟರ್ ಅಂದಾಜಿನ ಮೇಲೆ ಒಂದನ್ನು ಶುರುಮಾಡಿದ. ಅಂದಾಜು ಕಟ್ಟಿದ್ದು "ಏನೂ ತಗೊಂಡಿಲ್ಲ" ಎಂಬ ಮಾತಿನ ಮೇಲೆ.

ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ ಒಳಗೆ ಬಿಡುತ್ತಿದ್ದರು. ಧೂಳಮ್ಮ ಹಸಿರು ಅಂಗಿ ತೊಟ್ಟು, ಕೈಗೆ ಔಷಧಿ ಸವರಿಕೊಂಡು ಹೋಗುತ್ತಿದ್ದಳು. ಗಂಡನ ಮುಖ ನೋಡುವುದು ಒಂದು ನಿಮಿಷ, ಪಕ್ಕದ ಹಾಸಿಗೆ ನೋಡುವುದು ನಾಲ್ಕು ನಿಮಿಷ. ಗುಂಡಪ್ಪನ ಮಂಚದ ಕೆಳಗೆ ನೇತುಬಿದ್ದ ಮೂತ್ರದ ಚೀಲ ಅರ್ಧ ತುಂಬಿರುತ್ತಿತ್ತು, ತಿಳಿ ಹಳದಿ. ದೇವಿಂದ್ರಪ್ಪನ ಚೀಲದಲ್ಲಿ ಚಹಾದ ಚರಟದಂಥ ನಾಲ್ಕು ಹನಿ. ಜೀವಮಾನದಲ್ಲಿ ಇನ್ನೊಬ್ಬರ ಹೊಲ ನೋಡಿ, ಬಂಗಾರ ನೋಡಿ ಮರುಗದವಳು ಒಬ್ಬ ಪರಗಂಡಸಿನ ಉಚ್ಚೆ ನೋಡಿ ಹೊಟ್ಟೆಕಿಚ್ಚುಪಟ್ಟಳು. ನಿಮಗೆ ನಗು ಬಂದರೆ ನಕ್ಕುಬಿಡಿ. ಆ ಬಾಗಿಲ ಹೊರಗೆ ಕೂತವರು ಯಾರೂ ನಗಲಾರರು.

ಹೊರಗೆ ಬಂದಾಗ ಅಂಬುಬಾಯಿ ಕೇಳುತ್ತಿದ್ದಳು, "ಹ್ಯಾಂಗ ಅದಾರ್ರಿ ಅಕ್ಕಾ ನಿಮ್ಮವರು?"

"ನಿಮ್ಮವರಿಗಿಂತ ಚಲೋ ಅದಾರ" ಅಂದಳು ಒಮ್ಮೆ ಧೂಳಮ್ಮ.

ಅಂಬುಬಾಯಿ ಡಬ್ಬಿ ಬಿಚ್ಚಿ ಜೋಳದ ರೊಟ್ಟಿ, ಪುಂಡಿಪಲ್ಯ ಮುಂದೆ ಸರಿಸಿದಳು. ಧೂಳಮ್ಮ ತಿಂದಳು. ತಿನ್ನುತ್ತಲೇ ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಹೇಳಿದಳು.

ಎರಡನೇ ದಿನ ನಡೆದದ್ದು ಇನ್ನೂ ಕೆಟ್ಟದು. ಗುಂಡಪ್ಪ ಕಣ್ಣು ತೆರೆದು ಚಹಾ ಕೇಳಿದನಂತೆ. ನರ್ಸ್ ಪೂನಂ, ಬಸವಕಲ್ಯಾಣದ ಹುಡುಗಿ, ಹೊರಗೆ ಬಂದು ನಗುತ್ತ ಹೇಳಿದಳು. ಅವಳ ಕೈಯಲ್ಲಿ ಗುಂಡಪ್ಪನ ಪರೀಕ್ಷೆಯ ಹಾಳೆ ಇತ್ತು. ಉದ್ದಕ್ಕೆ ಔಷಧಗಳ ಹೆಸರು, ಪ್ರತಿ ಹೆಸರಿನ ಮುಂದೆ ಒಂದೊಂದು ಇಂಗ್ಲಿಷ್ ಅಕ್ಷರ, ಎಸ್ ಇಲ್ಲವೆ ಆರ್.

"ನಮಗ ಓದಾಕ ಬರಂಗಿಲ್ಲವ್ವಾ, ಏನದ ಇದರಾಗ?" ಅಂದಳು ಅಂಬುಬಾಯಿ.

"ನೋಡ್ರಿ ಬಾಯಿ, ಇದು ಹಾವಿನ ಹಂಗ ಸುತಗೊಂಡದಲ್ಲ, ಇದಿದ್ರ ಆ ಔಷಧ ನಡೀತದ. ಇದು ಕಾಲು ಚಾಚಿ ಕುಂತ ಮುದುಕನ ಹಂಗ ಅದಲ್ಲ, ಇದಿದ್ರ ಆ ಔಷಧಕ್ಕ ಕ್ರಿಮಿ ಸಾಯಂಗಿಲ್ಲ, ಹೊಂದಿಕೊಂಡು ಬಿಟ್ಟದ. ನಿಮ್ಮವರಿಗೆ ಹಾವು ಭಾಳ ಅವ. ಅದಕ್ಕ ಡಾಕ್ಟರ್ ದೊಡ್ಡ ಔಷಧ ನಿಲ್ಲಿಸಿ ಸಾದಾದಕ್ಕ ಬಂದಾರ."

ಧೂಳಮ್ಮ ಓರೆಗಣ್ಣಿನಲ್ಲಿ ಎಣಿಸಿದಳು. ಏಳು ಹಾವು. ಆ ಏಳೂ ತನ್ನ ಮನೆಯಿಂದ ಕದ್ದೊಯ್ದವೆಂಬಂತೆ ಅವಳ ಎದೆ ಉರಿಯಿತು. ದುಡ್ಡಿದ್ದವರಿಗೆ ಬೇರೆ ಬಾಟಲಿ, ಕುರಿ ಕಾಯುವವರಿಗೆ ಬೇರೆ ಬಾಟಲಿ ಎಂದು ಅವಳು ಮನಸ್ಸಿನಲ್ಲಿ ತೀರ್ಪು ಕೊಟ್ಟುಬಿಟ್ಟಳು. ಅದು ಸುಳ್ಳಾಗಿತ್ತು. ಬೇರೆ ಕಡೆ ಅದು ಎಷ್ಟೋ ಸಲ ನಿಜವಿರುವುದರಿಂದಲೇ ಅವಳಿಗೆ ಅಷ್ಟು ಸುಲಭವಾಗಿ ನಂಬಿಕೆ ಬಂತು.

ನಿಲ್ಲಿಸಿದ ಆ ದೊಡ್ಡ ಔಷಧದ ಎರಡು ಬಾಟಲಿ ಅಂಬುಬಾಯಿಯ ಕೈಗೆ ವಾಪಸು ಬಂದಿದ್ದವು. ಅಂಗಡಿಗೆ ಹಿಂದಿರುಗಿಸಬೇಕೆಂದು ಅವಳು ಅವನ್ನು ಚೀಲದ ಬದಿಗೆ ಇಟ್ಟಿದ್ದಳು. ಮೂರನೇ ದಿನ ಬೆಳಿಗ್ಗೆ, ಗಂಡ ಚಹಾ ಕೇಳಿದ ಸಂತೋಷಕ್ಕೆ, ಮಾಣಿಕನಗರದ ಗುಡಿಗೆ ಹೋಗಿ ಕೈಮುಗಿದು ಬರುತ್ತೇನೆಂದು ಎದ್ದಳು. "ಚೀಲ ನೋಡ್ಕೋರಿ ಅಕ್ಕಾ" ಅಂದು ಆಟೋ ಹತ್ತಿದಳು.

ಧೂಳಮ್ಮ ಚೀಲ ನೋಡಿಕೊಂಡಳು. ಹತ್ತು ನಿಮಿಷ ನೋಡಿದಳು. ಆಮೇಲೆ ಕೈ ಹಾಕಿ ಎರಡೂ ಬಾಟಲಿ ತೆಗೆದು ಸೆರಗಿನಲ್ಲಿ ಗಂಟು ಹಾಕಿಕೊಂಡು, ನಿಗಾ ಘಟಕದ ಬಾಗಿಲು ಬಡಿದಳು.

ಪೂನಂ ಬಾಗಿಲು ತೆರೆದಳು. "ಈಗ ಬಿಡಂಗಿಲ್ರಿ ಯವ್ವಾ, ಟೈಮ್ ಆಗಿಲ್ಲ."

"ಒಳಗ ಬರಂಗಿಲ್ಲವ್ವಾ ನಾ. ಇದನ್ನ ನಮ್ಮವರಿಗೆ ಹಾಕು. ಬಾಜು ಹಾಸಿಗಿಯವರಿಗೆ ಹಾಕಿದ್ದೇ ಇದು. ಚಲೋ ಇದು."

ಹೇಳುತ್ತಲೇ ಅವಳು ಗಂಟು ಬಿಚ್ಚಿ ಬಾಟಲಿ ತೆಗೆದಳು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಬಾಟಲಿಯ ತಳವನ್ನು ಉಗುರಿನಿಂದ ಎರಡು ಸಲ ತಟ್ಟಿ ಒಳಗಿನ ಪುಡಿ ಸಡಿಲ ಮಾಡಿತು. ಹೆಬ್ಬೆರಳಿನಿಂದ ಮುಚ್ಚಳದ ಅಂಚು ಮೀಟಿತು. ಬೆಳಕಿಗೆ ಹಿಡಿದು ನೋಡಿತು.

ಪೂನಂ ಬಾಟಲಿಯನ್ನು ಬಿಟ್ಟು ಆ ಕೈಯನ್ನೇ ನೋಡುತ್ತ ನಿಂತಳು. ನಾಲ್ಕು ವರ್ಷ ನರ್ಸಿಂಗ್ ಓದಿದವಳಿಗೆ ಆ ಕೈ ಗುರುತು ಸಿಕ್ಕಿತು.

"ಯವ್ವಾ," ಅಂದಳು ಮೆಲ್ಲಗೆ, "ನೀವು ಇಂಜೆಕ್ಷನ್ ಮಾಡ್ತೀರೇನು?"

"ಕುರಿಗೆ."

"ಕುರಿಗೆ ಅಷ್ಟೇನಾ?"

ಪಡಸಾಲೆಯಲ್ಲಿ ಆಗ ಅಂಬುಬಾಯಿ ಇರಲಿಲ್ಲ. ಬಹುಶಃ ಅದೊಂದೇ ಕಾರಣಕ್ಕೆ ಧೂಳಮ್ಮನಿಗೆ ಹೇಳಲು ಬಂತು.

"ನಮ್ಮವರಿಗೂ ಮಾಡೀನಿ. ಮೂರು. ಅದರ ಮುಂಚೆ ಗುಳಗಿ ನುಂಗ್ಯಾರ, ಹೋದ ವರ್ಷದಿಂದ, ಆಗಾಗ. ರೊಟ್ಟಿ ತಿನ್ನಾಕ ಬಂದ ಕೂಡಲೇ ಬಿಡ್ತಿದ್ರು. ಪೊಲೀಸ್ ಕೇಸ್ ಆಗ್ತದೇನವ್ವಾ?"

"ಕೇಸ್ ಗೀಸ್ ಏನೂ ಆಗಂಗಿಲ್ಲ. ಇದನ್ನ ಮೊನ್ನೆ ಯಾಕ ಹೇಳ್ಲಿಲ್ರಿ?"

"ಆಕಿ ಕುಂತಿದ್ದಳಲ್ಲ" ಅಂದಳು ಧೂಳಮ್ಮ.

ಪೂನಂ ಎರಡೂ ಬಾಟಲಿ ತೆಗೆದುಕೊಂಡು ಒಳಗೆ ಓಡಿದಳು. ಡಾಕ್ಟರ್ ಬಂದ. ಈ ಸಲ ಅವನು ಎರಡೂ ಕಾಲು ಹೊರಗಿಟ್ಟ, ಬೆಂಚಿನ ಮೇಲೆ ಕೂತ, ದನಿ ಇಳಿಸಿ ಕೇಳಿದ. ಅವಳು ಎಲ್ಲಾ ಹೇಳಿದಳು. ಕಲ್ಲಿನಾಥ ಗಾಡಿ ಹತ್ತಿ ಮಂಠಾಳಕ್ಕೆ ಹೋಗಿ ಕುರಿಯ ಬಾಟಲಿಯನ್ನೂ ಕಂಬಳಿಯ ಮಡಿಕೆಯಲ್ಲಿದ್ದ ಪಟ್ಟಿಗಳನ್ನೂ ಮಧ್ಯಾಹ್ನದೊಳಗೆ ತಂದ. ಡಾಕ್ಟರ್ ಒಂದೊಂದೇ ಓದಿದ. ಕೊನೆಗೆ ಬಾಟಲಿಯನ್ನು ಮೇಜಿನ ಮೇಲಿಟ್ಟು ಹೇಳಿದ:

"ಅಮ್ಮಾ, ನಾನು ಮೂರು ದಿನದಿಂದ ಕೊಡ್ತಾ ಇರೋದು ಇದರ ಅಣ್ಣತಮ್ಮನ್ನೇ, ಒಂದೇ ಜಾತಿ ಔಷಧ. ಅವರ ಮೈಯಾಗಿನ ಕ್ರಿಮಿ ಇವನ್ನೆಲ್ಲಾ ಮೊದಲೇ ಸ್ವಲ್ಪ ಸ್ವಲ್ಪ ರುಚಿ ನೋಡಿ ಬಿಟ್ಟಾವ. ಅರ್ಧ ಪೆಟ್ಟು ತಿಂದು ಉಳಿದವು ಅವು. ಉಳಿದವೇ ಬೆಳದಾವ."

"ಆ ದೊಡ್ಡದು ಹಾಕ್ರಿ ಮತ್ತ. ಅವರಿಗೆ ಹಾಕಿದ್ದು."

"ಗುಂಡಪ್ಪನವರಿಗೆ ನಡೆದದ್ದು ಇವರಿಗೆ ನಡೀತದಂತ ಇಲ್ಲ. ಆದ್ರ ಈಗ ನೀವು ಹೇಳಿದ ಮೇಲೆ ನಾನು ಕಾಯೋದಿಲ್ಲ. ಕೊನೆಗೆ ಅಂತ ಇಟ್ಟುಕೊಂಡ ಔಷಧ ಒಂದಿದೆ, ಕಿಡ್ನಿಗೆ ಭಾರ ಅದು. ಅದನ್ನ ಶುರು ಮಾಡ್ತೀನಿ. ಕಾಲಿನ ಕೀವು ಇವತ್ತೇ ಪೂರ್ತಿ ತೆಗೆಸ್ತೀನಿ."

"ಉಳೀತಾರೇನ್ರಿ?"

ಡಾಕ್ಟರ್ ಸುಳ್ಳು ಹೇಳಲಿಲ್ಲ. ವಯಸ್ಸು ಒಂದು, ಗೊತ್ತೇ ಇರದ ಸಕ್ಕರೆ ಒಂದು, ಕಿಡ್ನಿ ಆಗಲೇ ಕೈಬಿಡುತ್ತಿದೆ, ರಕ್ತದೊತ್ತಡ ಔಷಧದ ಮೇಲೆ ನಿಂತಿದೆ. ಇವೆಲ್ಲ ಎದುರಿಗಿವೆ ಅಂದ. ತಕ್ಕ ಔಷಧ ಎಷ್ಟು ಬೇಗ ಒಳಗೆ ಹೋಯಿತು ಅನ್ನುವುದು ಮಾತ್ರ ನಮ್ಮ ಕೈಯಲ್ಲಿರುವುದು ಅಂದ. ಬೇಗ ಅನ್ನುವ ಮಾತು ಬಂದಾಗ ಇಬ್ಬರೂ ನೆಲ ನೋಡಿದರು.

ಅಂಬುಬಾಯಿ ಮಾಣಿಕನಗರದಿಂದ ಬಂದು ಪ್ರಸಾದ ಕೊಟ್ಟಳು. ಬಾಟಲಿಗಳ ಸುದ್ದಿ ಪೂನಂ ಅವಳಿಗೆ ಆಗಲೇ ಹೇಳಿದ್ದಳು. ಅವಳು ಅದನ್ನು ಎತ್ತಲಿಲ್ಲ. ಬೈದಿದ್ದರೆ ಧೂಳಮ್ಮನಿಗೆ ಹಗುರಾಗುತ್ತಿತ್ತು. ಬೈಯದೇ ಬಿಡುವಷ್ಟು ಸಮಾಧಾನ ಅವಳಲ್ಲಿತ್ತಲ್ಲ, ಅದಕ್ಕೂ ಧೂಳಮ್ಮ ಉರಿದಳು.

ಮರುದಿನ ದೇವಿಂದ್ರಪ್ಪನ ಹಾಳೆ ಬಂತು. ಪೂನಂ ಅದನ್ನು ತಾನಾಗಿ ತೋರಿಸಲಿಲ್ಲ, ಧೂಳಮ್ಮ ಇಸಿದುಕೊಂಡು ನೋಡಿದಳು. ಮೇಲಿನಿಂದ ಕೆಳಗಿನವರೆಗೆ ಕಾಲು ಚಾಚಿ ಕುಂತ ಮುದುಕರು ಸಾಲು ಹಿಡಿದಿದ್ದರು. ಕೆಳಗೆ, ಎಲ್ಲಕ್ಕಿಂತ ಕೆಳಗೆ, ಒಂದು ಹಾವು.

"ಈ ಒಂದು ಯಾವುದವ್ವಾ?"

"ನಿನ್ನೆ ಶುರು ಮಾಡಿದ್ದೇ ರೀ ಯವ್ವಾ."

ಅದೇ ದಿನ ಗುಂಡಪ್ಪನನ್ನು ಸಾದಾ ವಾರ್ಡಿಗೆ ಕಳಿಸಿದರು. ಗಾಲಿಕುರ್ಚಿಯಲ್ಲಿ ಕೂತು ಹೊರಬಂದವನು ಧೂಳಮ್ಮನ ಮುಂದೆ ಹಾದಾಗ ಕೈ ಎತ್ತಿ ಮುಗಿದ. ಅವಳು ಮುಖ ಬೇರೆ ಕಡೆ ತಿರುಗಿಸಿದಳು.

ಹೊಸ ಔಷಧ ಹತ್ತಿದ ಮೂರನೇ ದಿನ ದೇವಿಂದ್ರಪ್ಪನ ಜ್ವರ ಇಳಿಯಿತು. ಉಳಿಯುವುದಕ್ಕೆ ಅಷ್ಟು ಹತ್ತಿರ ಬಂದಿದ್ದ. ನಾಲ್ಕನೇ ದಿನ ಅವನು ಹೆಂಡತಿಯ ಕೈ ಹಿಡಿದು ಹಿಂಡಿದ ಹಾಗೆ ಅವಳಿಗೆ ಅನಿಸಿತು. ಆದರೆ ಮೂತ್ರ ಬರಲಿಲ್ಲ. ರಕ್ತ ತೊಳೆಯುವ ಯಂತ್ರಕ್ಕೆ ಹಾಕಿದರು, ರಕ್ತದೊತ್ತಡ ಇಳಿಯುತ್ತಲೇ ಹೋಯಿತು. ಐದನೇ ದಿನ ಬೆಳಿಗ್ಗೆ ಹತ್ತೂವರೆಗೆ ಡಾಕ್ಟರ್ ಹೊರಗೆ ಬಂದು ಬೆಂಚಿನ ಮೇಲೆ ಕೂತ. ಅವನು ಕೂತದ್ದನ್ನು ನೋಡಿಯೇ ಅವಳಿಗೆ ತಿಳಿಯಿತು.

"ಎರಡು ದಿನ ಮೊದಲು ಹೇಳಿದ್ರ?" ಅಂದಳು. ಅಳಲಿಲ್ಲ.

"ಅದನ್ನ ಯಾರೂ ಹೇಳಾಕ ಬರೋದಿಲ್ಲಮ್ಮಾ. ಆಗಲೂ ಹೀಗೇ ಆಗಬಹುದಿತ್ತು. ಆಗದೇ ಇರಬಹುದಿತ್ತು. ನಾನೂ ಆ ದಿನ ನಿಮ್ಮನ್ನ ಬದಿಗೆ ಕರೆದು ಕೇಳಬೇಕಿತ್ತು."

ಮಣ್ಣು ಮಂಠಾಳದಲ್ಲಿ ಆಯಿತು. ಹನ್ನೊಂದು ದಿನ ಕಳೆದ ಮೇಲೆ ಅಂಬುಬಾಯಿ ಮಾತಾಡಿಸಲು ಬಂದಳು, ಒಬ್ಬಳೇ ಬರಲಿಲ್ಲ. ಗುಂಡಪ್ಪನೂ ಬಂದ. ಜೀಪಿನಿಂದ ತಾನೇ ಇಳಿದ, ಅಂಗಳದ ಮೂರು ಮೆಟ್ಟಿಲು ತಾನೇ ಹತ್ತಿದ, ಕಂಬಕ್ಕೆ ಒರಗಿ ಕೂತು ನೀರು ಕೇಳಿದ. ಕಲ್ಲಿನಾಥ ಚೊಂಬು ತಂದುಕೊಟ್ಟ. ಗುಂಡಪ್ಪ ಎತ್ತಿ ಕುಡಿಯುವಾಗ ಅವನ ಗಂಟಲು ಏರಿ ಇಳಿಯುವುದನ್ನು ಧೂಳಮ್ಮ ನೋಡುತ್ತ ಕೂತಳು. ಅಂಬುಬಾಯಿಯ ಕೈತುಂಬ ಹಸಿರು ಬಳೆ. ಧೂಳಮ್ಮ ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಆ ಹೆಂಗಸು ಒಳ್ಳೆಯವಳು ಎಂದು ಅವಳಿಗೆ ಗೊತ್ತಿತ್ತು. ಒಳ್ಳೆಯವಳಾಗಿದ್ದಕ್ಕೇ ಅವಳನ್ನು ಸಹಿಸಲು ಆಗುತ್ತಿರಲಿಲ್ಲ.

ಅಂಗಳದಲ್ಲಿ ಹಟ್ಟಿಯ ಹತ್ತು ಹನ್ನೆರಡು ಜನ ಕೂತಿದ್ದರು. ಹಿರಿಯಳಾದ ಗಯಾಬಾಯಿ ರೂಢಿಯ ಮಾತು ತೆಗೆದಳು: "ಅವಂದು ಅಷ್ಟೇ ಇತ್ತು ತಂಗೀ. ವ್ಯಾಳ್ಯಾ ಬಂದಿತ್ತು, ಹೋದ. ಯಾರ ಕೈಯಾಗ ಏನದ."

"ನನ್ನ ಕೈಯಾಗ ಇತ್ತು" ಅಂದಳು ಧೂಳಮ್ಮ.

ಕಲ್ಲಿನಾಥ ಹತ್ತಿರ ಬಂದು ಬಗ್ಗಿ, "ಅವ್ವಾ, ಮಂದ್ಯಾಗ ಹೇಳಬ್ಯಾಡ" ಅಂದ.

"ಮಂದ್ಯಾಗ ಹೇಳ್ಲಿಲ್ಲಂತನೇ ಹಿಂಗಾತು. ಸೂಜಿ ಮಾಡಿದಾಕಿ ನಾ. ಡಾಕ್ಟರ್ ಕೇಳಿದಾಗ ಇಲ್ಲ ಅಂದಾಕಿ ನಾ." ಅವಳು ಅಂಬುಬಾಯಿಯ ಕಡೆ ನೇರ ನೋಡಿದಳು. "ಈಕಿ ಚೀಲಾ ತಂದಿದ್ದಳು, ಈಕಿ ಗಂಡ ನೀರು ಕುಡದ. ನಾ ಈಕಿ ಮುಂದ ನಾಚಿಗೊಂಡು ಬಾಯಿ ಮುಚ್ಚಿದೆ. ಎರಡು ದಿನ. ಇವತ್ತೂ ಈಕಿನ್ನ ನೋಡಿದ್ರ ನನಗ ಹೊಟ್ಟಿ ಉರೀತದ, ಸುಳ್ಳು ಯಾಕ ಹೇಳ್ಲಿ."

"ಉರೀಲಿ ಅಕ್ಕಾ" ಅಂದಳು ಅಂಬುಬಾಯಿ. "ನಿಮ್ಮ ಜಾಗಾದಾಗ ನಾ ಇದ್ರ ನನಗೂ ಉರೀತಿತ್ತು."

ಅವರು ಚಹಾ ಕುಡಿದು ಹೋದರು. ಜನ ಎದ್ದರು. ಹೋಗುವಾಗ ಗಯಾಬಾಯಿ ಕಲ್ಲಿನಾಥನಿಗೆ, ನಿನ್ನ ಅವ್ವನಿಗೆ ತಲೆ ಸರಿ ಇಲ್ಲ, ನಾಲ್ಕು ದಿನದಲ್ಲಿ ಸರಿಹೋಗುತ್ತಾಳೆ ಅಂದಳಂತೆ. ಆ ಹಟ್ಟಿಯಲ್ಲಿ ತಲೆ ಸರಿ ಇದ್ದವಳು ಆ ದಿನ ಧೂಳಮ್ಮ ಒಬ್ಬಳೇ.

ಈಗ ನಿಮ್ಮ ಮಾತಿಗೆ ಬರೋಣ. ನೀವು ಕುರಿ ಕಾಯುವವರಲ್ಲ, ಓದು ಬಲ್ಲವರು, ನಿಮ್ಮ ಮನೆಯಲ್ಲಿ ಕುರಿಯ ಬಾಟಲಿ ಇಲ್ಲ. ಆದರೆ ಕಪಾಟಿನಲ್ಲಿ ಅರ್ಧ ಉಳಿದ ಪಟ್ಟಿ ಇದೆ, ಅದರಲ್ಲಿ ಎರಡನ್ನು ಹೋದ ತಿಂಗಳು ಯಾರಿಗೆ ಕೊಟ್ಟಿರೋ ನಿಮಗೇ ಗೊತ್ತು. ನಿಮ್ಮವರೊಬ್ಬರನ್ನು ಒಂದು ದಿನ ಅಂಥದೇ ಬಾಗಿಲೊಳಗೆ ಕಳಿಸಿ ಹೊರಗೆ ನಿಲ್ಲುತ್ತೀರಿ. ಬಿಳಿ ಕೋಟಿನವರು ಬಂದು ಏನೇನು ಔಷಧ ಆಗಿದೆ ಎಂದು ಕೇಳುತ್ತಾರೆ. ಪಕ್ಕದಲ್ಲಿ ನಿಮಗೆ ಸೇರದವರು ಕೂತಿರುತ್ತಾರೆ, ನಿಮ್ಮ ಮುಖ ನೋಡುತ್ತಿರುತ್ತಾರೆ. ಅವರ ಮುಂದೆಯೇ, ಅದೇ ಗಳಿಗೆಯಲ್ಲಿ, ಒಂದನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿ.